ಶ್ವಾಸದ ಹಾದಿಯನ್ನು ಕಂಡ ಹಕೀಮ: ಇಬ್ನುನ್ನಫೀಸ್

ಇಬ್ನು ಸೀನಾರ ಹೆಸರು ಕೇಳದ ಓದುಗರು ನಮ್ಮಲ್ಲಿ ವಿರಳ. ಅಲ್ ರಾಝಿಯವರ ಹೆಸರೂ ಅಲ್ಲಲ್ಲಿ ಕೇಳಿಬರುತ್ತದೆ. ಆದರೆ ನಾವು ಎಳೆದುಕೊಂಡ ಗಾಳಿ ರಕ್ತವನ್ನು ಸೇರುವುದು ಎಲ್ಲಿ, ಆ ರಕ್ತ ಹೃದಯದ ಬಲಗಡೆಯಿಂದ ಎಡಗಡೆಗೆ ಹೋಗುವುದು ಯಾವ ದಾರಿಯಲ್ಲಿ ಎಂಬುದನ್ನು, ಇಂದು ತಿಳಿದಿರುವ ಮಟ್ಟಿಗೆ, ಮೊತ್ತಮೊದಲು ಸರಿಯಾಗಿ ಬರೆದಿಟ್ಟ ಹಕೀಮರ ಹೆಸರು ನಮ್ಮ ಮನೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅವರೇ ಅಲಾವುದ್ದೀನ್ ಅಬುಲ್ ಹಸನ್ ಅಲಿ ಇಬ್ನು ಅಬಿಲ್ ಹಝ್ಮ್ ಅಲ್ ಕರಶೀ. ಇತಿಹಾಸದಲ್ಲಿ ಅವರು ಇಬ್ನುನ್ನಫೀಸ್ ಎಂದು ಪ್ರಸಿದ್ಧರು.

ಈ ಹೆಸರನ್ನು ಮೊದಲು ತಿಳಿಯಬೇಕಾದವರು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ನಮ್ಮ ಕುಟುಂಬಗಳು ಎಂದು ನನ್ನ ಭಾವನೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಇಬ್ನುನ್ನಫೀಸ್ ಹುಟ್ಟಿದ್ದು ಕ್ರಿ.ಶ. 1210ರ ಸುಮಾರಿಗೆ, ದಮಾಸ್ಕಸ್ ಅಥವಾ ಅದರ ಆಸುಪಾಸಿನಲ್ಲಿ. ಆ ನಗರದಲ್ಲಿ ಸುಲ್ತಾನ್ ನೂರುದ್ದೀನ್ ಝಂಗಿ 1154ರಲ್ಲಿ ಕಟ್ಟಿಸಿದ ದೊಡ್ಡ ಆಸ್ಪತ್ರೆಯಿತ್ತು. ಅದನ್ನು ನೂರಿ ಬೀಮಾರಿಸ್ತಾನ್ ಎನ್ನುತ್ತಿದ್ದರು. ಬಡವನಿರಲಿ, ಪ್ರಯಾಣಿಕನಿರಲಿ, ಬಂದವನಿಗೆ ಅಲ್ಲಿ ಹಾಸಿಗೆ, ಊಟ, ಔಷಧ ಸಿಗುತ್ತಿತ್ತು. ಖರ್ಚೆಲ್ಲ ವಕ್ಫ್‌ನದು. ವೈದ್ಯಕೀಯ ವಿದ್ಯಾರ್ಥಿಗಳು ಪಾಠ ಕೇಳುತ್ತಿದ್ದುದೂ ಅಲ್ಲಿಯೇ. ಬೆಳಿಗ್ಗೆ ಗುರುಗಳ ಜೊತೆ ರೋಗಿಯ ಹಾಸಿಗೆಯ ಬಳಿ ನಿಂತು ನೋಡುವುದು, ಅನಂತರ ಕುಳಿತು ಗ್ರಂಥ ಓದುವುದು. ರೋಗಿಯನ್ನು ಮುಟ್ಟದೆ ವೈದ್ಯನಾಗುವ ಕ್ರಮ ಅಲ್ಲಿರಲಿಲ್ಲ.

ಅವರ ಗುರುಗಳು ಅದ್ದಖ್ವಾರ್ ಎಂದು ಖ್ಯಾತರಾದ ಮುಹಝ್ಝಬುದ್ದೀನ್. ಆ ಕಾಲದ ಸಿರಿಯಾದ ಬಹು ದೊಡ್ಡ ವೈದ್ಯರು ಅವರು. ತಮ್ಮ ಸ್ವಂತ ಮನೆಯನ್ನೇ ವೈದ್ಯಶಾಲೆಯಾಗಿ ವಕ್ಫ್ ಮಾಡಿ 1230ರಲ್ಲಿ ತೀರಿಕೊಂಡರು. ಶಿಷ್ಯನ ಮನಸ್ಸಿನಲ್ಲಿ ಇದು ಅಚ್ಚೊತ್ತಿರಬೇಕು. ಅರುವತ್ತು ವರ್ಷಗಳ ಬಳಿಕ ಅವರು ಮಾಡಿದ್ದನ್ನು ನೋಡಿದರೆ ಹಾಗೆ ತೋರುತ್ತದೆ.

ವಿದ್ಯಾಭ್ಯಾಸ ಮುಗಿದ ಮೇಲೆ ಇಬ್ನುನ್ನಫೀಸ್ ಕೈರೋ ನಗರಕ್ಕೆ ಹೋದರು. ಉಳಿದ ಬದುಕೆಲ್ಲ ಈಜಿಪ್ಟಿನಲ್ಲಿಯೇ ಕಳೆಯಿತು. ಅಲ್ಲಿ ಅವರು ವೈದ್ಯರ ಮುಖ್ಯಸ್ಥರಾದರು, ಸುಲ್ತಾನ್ ಬೈಬರ್ಸ್‌ರಿಗೂ ಚಿಕಿತ್ಸೆ ನೀಡಿದರು. ಇದೇ ಕಾಲದಲ್ಲಿ, 1258ರಲ್ಲಿ, ಮಂಗೋಲರು ಬಗ್ದಾದನ್ನು ಸುಟ್ಟು ನಾಶಗೊಳಿಸಿದರು. ಮುಸ್ಲಿಮ್ ಜಗತ್ತಿನ ಅರ್ಧಭಾಗ ನಡುಗುತ್ತಿದ್ದಾಗ ಕೈರೋದ ಒಂದು ಮನೆಯಲ್ಲಿ ಈ ಮನುಷ್ಯ ಮೊನೆ ಕತ್ತರಿಸಿದ ಲೇಖನಿಗಳ ರಾಶಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಾ ಕುಳಿತಿದ್ದರು.

ವೈದ್ಯಕೀಯ ಅವರ ಒಂದು ಮುಖ ಮಾತ್ರ. ಅವರು ಶಾಫಿಈ ಮದ್‌ಹಬ್‌ನ ಫಿಕ್ಹ್ ವಿದ್ವಾಂಸರು. ಕೈರೋದ ಮಸ್ರೂರಿಯ್ಯ ಮದ್ರಸದಲ್ಲಿ ಫಿಕ್ಹ್ ಪಾಠ ಹೇಳುತ್ತಿದ್ದರು. ಹದೀಸ್ ಶಾಸ್ತ್ರದ ನಿಯಮಗಳ ಬಗ್ಗೆ ಕಿರುಗ್ರಂಥ ಬರೆದರು. ನಿರ್ಜನ ದ್ವೀಪದಲ್ಲಿ ಒಂಟಿಯಾಗಿ ಬೆಳೆದ ಕಾಮಿಲ್ ಎಂಬ ಮನುಷ್ಯ ತನ್ನ ಬುದ್ಧಿಯಿಂದಲೇ ಸೃಷ್ಟಿಕರ್ತನನ್ನೂ ಪ್ರವಾದಿತ್ವದ ಅಗತ್ಯವನ್ನೂ ಕಂಡುಕೊಳ್ಳುವ ಕಥೆಯೊಂದನ್ನೂ ಬರೆದಿದ್ದಾರೆ. ಶಾಫಿಈ ವಿದ್ವಾಂಸರ ಚರಿತ್ರೆ ಬರೆದ ಸುಬ್ಕಿಯವರು ಅವರಿಗೂ ಅದರಲ್ಲಿ ಸ್ಥಾನ ಕೊಟ್ಟಿದ್ದಾರೆ. ವಿಚಿತ್ರವೆಂದರೆ, ಜೊತೆಯಲ್ಲಿ ಕಲಿತ ಇಬ್ನು ಅಬೀ ಉಸೈಬಿಆ ವೈದ್ಯರ ಬೃಹತ್ ಚರಿತ್ರಕೋಶವನ್ನು ಬರೆದರೂ ಅದರಲ್ಲಿ ಇವರ ಜೀವನ ಸೇರಲಿಲ್ಲ. ಇಬ್ಬರ ನಡುವೆ ಏನು ನಡೆದಿತ್ತೋ ಅಲ್ಲಾಹನೇ ಬಲ್ಲ.

1242ರಲ್ಲಿ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ, ಅವರು ಇಬ್ನು ಸೀನಾರ ‘ಅಲ್ ಕಾನೂನ್’ ಗ್ರಂಥದ ಶರೀರರಚನೆಯ ಭಾಗಕ್ಕೆ ವ್ಯಾಖ್ಯಾನ ಬರೆದರು. ಆ ಕಾಲದ ವೈದ್ಯರು ಹೃದಯದ ಬಗ್ಗೆ ಏನು ನಂಬಿದ್ದರೆಂದು ತಿಳಿದರೆ ಮಾತ್ರ ಅವರ ಧೈರ್ಯ ನಮಗೆ ಅರ್ಥವಾದೀತು. ಗ್ರೀಕ್ ವೈದ್ಯ ಗ್ಯಾಲನ್ ಸಾವಿರ ವರ್ಷಗಳ ಹಿಂದೆಯೇ ಒಂದು ಮಾತು ಹೇಳಿ ಹೋಗಿದ್ದ. ಹೃದಯದ ಬಲ ಮತ್ತು ಎಡ ಕೋಣೆಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಬಲಗಡೆಯ ರಕ್ತ ಅವುಗಳ ಮೂಲಕ ಎಡಗಡೆಗೆ ಜಿನುಗುತ್ತದೆ ಎಂದು. ಇಬ್ನು ಸೀನಾರೂ ಈ ವಿಷಯದಲ್ಲಿ ಹಳೆಯ ಹಾದಿಯಲ್ಲಿಯೇ ನಡೆದರು. ಇಬ್ಬರನ್ನೂ ಪ್ರಶ್ನಿಸುವವರು ಯಾರಿದ್ದರು?

ಇಬ್ನುನ್ನಫೀಸ್ ಪ್ರಶ್ನಿಸಿದರು. ಆ ಗೋಡೆ ಗಟ್ಟಿಯಾಗಿದೆ, ಕಾಣುವ ರಂಧ್ರವೂ ಇಲ್ಲ, ಕಾಣದ ರಂಧ್ರವೂ ಇಲ್ಲ ಎಂದು ಬರೆದರು. ಹಾಗಾದರೆ ರಕ್ತ ಎಡಗಡೆಗೆ ತಲುಪುವುದು ಹೇಗೆ? ಬಲಗೋಣೆಯಿಂದ ಅದು ದೊಡ್ಡ ನಾಳದ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿ ಹರಡಿಕೊಂಡು ಗಾಳಿಯೊಂದಿಗೆ ಬೆರೆಯುತ್ತದೆ, ಶುದ್ಧವಾದ ಮೇಲೆ ಮತ್ತೊಂದು ನಾಳದಿಂದ ಹೃದಯದ ಎಡಗೋಣೆಗೆ ಬರುತ್ತದೆ. ಶ್ವಾಸಕೋಶಕ್ಕೆ ಒಯ್ಯುವ ನಾಳದ ಗೋಡೆ ದಪ್ಪವಾಗಿರುವುದೇಕೆ, ಅಲ್ಲಿಂದ ತರುವ ನಾಳದ ಗೋಡೆ ತೆಳ್ಳಗಿರುವುದೇಕೆ ಎಂಬುದಕ್ಕೂ ಅವರು ಕಾರಣ ಕೊಟ್ಟರು. ಎರಡರ ನಡುವೆ ಸೂಕ್ಷ್ಮ ಮಾರ್ಗಗಳಿವೆ ಎಂದರು. ಆ ಸೂಕ್ಷ್ಮ ನಾಳಗಳನ್ನು ಮನುಷ್ಯನ ಕಣ್ಣು ಮೊದಲು ಕಂಡದ್ದು 1661ರಲ್ಲಿ, ಇಟಲಿಯ ಮಾಲ್ಪೀಗಿ ಸೂಕ್ಷ್ಮದರ್ಶಕವನ್ನು ಕಪ್ಪೆಯ ಶ್ವಾಸಕೋಶದ ಮೇಲೆ ಹಿಡಿದಾಗ. ಹೃದಯಕ್ಕೆ ಆಹಾರ ಸಿಗುವುದು ಅದರ ಮಾಂಸದಲ್ಲಿಯೇ ಹರಡಿರುವ ನಾಳಗಳಿಂದ ಎಂಬುದನ್ನೂ ಇಬ್ನುನ್ನಫೀಸ್ ಹೇಳಿದ್ದರು.

ಇದನ್ನು ಅವರು ಹೇಗೆ ತಿಳಿದರು? ಶರೀಅತ್‌ನ ನಿರ್ಬಂಧ ಮತ್ತು ತಮ್ಮೊಳಗಿನ ಕರುಣೆಯಿಂದಾಗಿ ತಾವು ಶವಗಳನ್ನು ಕೊಯ್ಯುವುದಿಲ್ಲ ಎಂದು ಅದೇ ಗ್ರಂಥದ ಆರಂಭದಲ್ಲಿ ಅವರು ಬರೆದಿದ್ದಾರೆ. ಆದರೂ ಕಣ್ಣಾರೆ ಕಂಡವರಂತೆ ಮಾತಾಡುತ್ತಾರೆ. ಪ್ರಾಣಿಗಳ ಹೃದಯ ನೋಡಿರಬಹುದೇ, ತರ್ಕದಿಂದಲೇ ತಲುಪಿದರೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನನಗನಿಸುವುದಿಷ್ಟು: ಮದ್ರಸದಲ್ಲಿ ಒಂದೊಂದು ವಿಷಯಕ್ಕೂ ಪುರಾವೆ ಕೇಳುವ ಅಭ್ಯಾಸವಿದ್ದ ಮನುಷ್ಯ, ಎಷ್ಟೇ ದೊಡ್ಡವರು ಹೇಳಿದ್ದರೂ ಪುರಾವೆಯಿಲ್ಲದ ರಂಧ್ರವನ್ನು ಒಪ್ಪಿಕೊಳ್ಳಲಿಲ್ಲ. ಹಾಗೆಂದು ಇಬ್ನು ಸೀನಾರನ್ನು ಅವರು ಕೀಳಾಗಿ ಕಾಣಲಿಲ್ಲ. ‘ಅಲ್ ಕಾನೂನ್’ ಅವರಿಗೆ ಕಂಠಪಾಠವಾಗಿತ್ತು ಎನ್ನುತ್ತಾರೆ. ಗೌರವವನ್ನೂ ಭಿನ್ನಮತವನ್ನೂ ಒಂದೇ ಪುಟದಲ್ಲಿ ಇಡಲು ಅವರಿಗೆ ಗೊತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ದೇಹದಲ್ಲೆಲ್ಲ ರಕ್ತ ಸುತ್ತಿ ಬರುವ ಪೂರ್ಣ ಕ್ರಮವನ್ನು ಕಂಡುಹಿಡಿದವರು ಇವರೇ ಎಂದು ಕೆಲವರು ಉತ್ಸಾಹದಿಂದ ಹೇಳುವುದುಂಟು. ಅದು ಸರಿಯಲ್ಲ. ಅದನ್ನು 1628ರಲ್ಲಿ ನಿರೂಪಿಸಿದವರು ಇಂಗ್ಲೆಂಡಿನ ವಿಲಿಯಂ ಹಾರ್ವೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗಿ ಹೃದಯಕ್ಕೆ ಮರಳುವ ಚಿಕ್ಕ ಸುತ್ತನ್ನು ಹೇಳಿದವರು ಇಬ್ನುನ್ನಫೀಸ್. ಯುರೋಪಿನಲ್ಲಿ ಆ ಮಾತು ಮುದ್ರಣಗೊಂಡದ್ದು 1553ರಲ್ಲಿ, ಅಂದರೆ ಮುನ್ನೂರು ವರ್ಷಗಳ ನಂತರ. ಇಷ್ಟೇ ಸಾಕಷ್ಟು ದೊಡ್ಡದು. ಇಲ್ಲದ್ದನ್ನು ಸೇರಿಸುವುದು ಪುರಾವೆಯಿಲ್ಲದ ರಂಧ್ರವನ್ನು ತಿರಸ್ಕರಿಸಿದ ಮನುಷ್ಯನಿಗೆ ಮಾಡುವ ಅನ್ಯಾಯ.

ಕೋವಿಡ್ ಹರಡಿದ 2020ರ ನಂತರ ಬೆರಳಿಗೆ ಸಿಕ್ಕಿಸುವ ಪುಟ್ಟ ಆಕ್ಸಿಮೀಟರ್ ಹಳ್ಳಿಯ ಮನೆಗಳಲ್ಲಿಯೂ ಕಾಣಸಿಗುತ್ತದೆ. ಅದು ಅಳೆಯುವುದೇನು? ಶ್ವಾಸಕೋಶದಲ್ಲಿ ಗಾಳಿ ಪಡೆದ ರಕ್ತ ಕಡು ಕೆಂಪಿನಿಂದ ಹೊಳೆವ ಕೆಂಪಾಗುತ್ತದೆ. ಬೆರಳಿನ ಮೂಲಕ ಬೆಳಕು ಹಾಯಿಸಿ ಆ ಬಣ್ಣವನ್ನು ಯಂತ್ರ ಓದುತ್ತದೆ. 95ರಿಂದ 100ರವರೆಗೆ ಸಾಮಾನ್ಯ. 94ಕ್ಕಿಂತ ಕೆಳಗಿಳಿದರೆ ವೈದ್ಯರಿಗೆ ತೋರಿಸಬೇಕು. ರಕ್ತವು ಶ್ವಾಸಕೋಶಕ್ಕೆ ಹೋಗಿ ಗಾಳಿಯೊಂದಿಗೆ ಬೆರೆಯುತ್ತದೆ ಎಂದು 1242ರಲ್ಲಿ ಬರೆದ ವಾಕ್ಯದ ಮೇಲೆಯೇ ಆ ಪುಟ್ಟ ಯಂತ್ರ ನಿಂತಿದೆ.

ಅವರ ‘ಮೂಜಝುಲ್ ಕಾನೂನ್’ ಎಂಬ ಸಂಕ್ಷಿಪ್ತ ಗ್ರಂಥ ನಮ್ಮ ದೇಶಕ್ಕೂ ಬಂತು. ಅದಕ್ಕೆ ಕಿರ್ಮಾನಿನ ನಫೀಸ್ ಇಬ್ನು ಇವಝ್ ಬರೆದ ವ್ಯಾಖ್ಯಾನವನ್ನು ‘ನಫೀಸಿ’ ಎಂಬ ಹೆಸರಿನಿಂದ ಯುನಾನಿ ವಿದ್ಯಾರ್ಥಿಗಳು ತಲೆಮಾರುಗಳ ಕಾಲ ಓದಿದರು. ಕಲಬುರಗಿ ಸೀಮೆ 1948ರವರೆಗೆ ನಿಝಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೈದರಾಬಾದ್ ಯುನಾನಿ ವೈದ್ಯಕ್ಕೆ ದೊಡ್ಡ ಕೇಂದ್ರ. ಹಾಗಾಗಿ ಈ ಕಡೆಯ ಊರುಗಳಲ್ಲಿ ನಾಡಿ ಹಿಡಿಯುತ್ತಿದ್ದ ಹಳೆಯ ಹಕೀಮರ ವಿದ್ಯೆಯ ಬೇರು ಕೈರೋದ ಆ ಮನೆಯವರೆಗೂ ಚಾಚಿದೆ.

ನಾಡಿಯ ವಿಷಯ ಬಂದುದರಿಂದ ಒಂದು ಘಟನೆ. ಒಮ್ಮೆ ಇಬ್ನುನ್ನಫೀಸ್ ಹಮ್ಮಾಮಿನಲ್ಲಿ ಸ್ನಾನ ಮಾಡುತ್ತಿದ್ದರಂತೆ. ಅರ್ಧ ಸ್ನಾನದಲ್ಲಿಯೇ ಎದ್ದು ಬಟ್ಟೆ ಬದಲಿಸುವ ಕೋಣೆಗೆ ಬಂದು, ಕಾಗದ, ಮಸಿ, ಲೇಖನಿ ತರಿಸಿ ನಾಡಿಯ ಬಗ್ಗೆ ಒಂದು ಪ್ರಬಂಧವನ್ನು ಬರೆದು ಮುಗಿಸಿದರು. ಆಮೇಲೆ ಒಳಗೆ ಹೋಗಿ ಉಳಿದ ಸ್ನಾನ ಪೂರೈಸಿದರು. ಅವರ ಜೀವನ ಬರೆದವರೆಲ್ಲ ಈ ಕಥೆಯನ್ನು ಬಿಡುವುದಿಲ್ಲ.

ನಾಡಿಗೂ ಉಸಿರಿಗೂ ಶುಶ್ರೂಷೆಯಲ್ಲಿ ಒಂದು ಒಳಸಂಬಂಧವಿದೆ. ತನ್ನ ಉಸಿರನ್ನು ಯಾರೋ ಎಣಿಸುತ್ತಿದ್ದಾರೆ ಎಂದು ತಿಳಿದ ತಕ್ಷಣ ರೋಗಿಯ ಉಸಿರಾಟದ ಲಯ ಬದಲಾಗುತ್ತದೆ. ಅದಕ್ಕೆ ಅನುಭವಿ ದಾದಿಯರು ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡೇ ಎದೆ ಏರಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. ದೊಡ್ಡವರಲ್ಲಿ ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಸಾಮಾನ್ಯ. ಮಕ್ಕಳಲ್ಲಿ ಲೆಕ್ಕ ಬೇರೆ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು, ನ್ಯುಮೋನಿಯಾ ಆಗಿರಬಹುದು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ, ಮಗು ಹಾಲು ಕುಡಿಯಲಾರದಾದರೆ ಬೆಳಗಾಗಲಿ ಎಂದು ಕಾಯಬಾರದು. ತಾಯಂದಿರು ಇದಿಷ್ಟನ್ನು ಕಲಿತರೆ ಎಷ್ಟೋ ಕೂಸುಗಳು ಸಕಾಲಕ್ಕೆ ಆಸ್ಪತ್ರೆ ಸೇರಿಯಾವು.

ಇಬ್ನುನ್ನಫೀಸ್‌ರ ಅತಿ ದೊಡ್ಡ ಗ್ರಂಥ ‘ಅಶ್ಶಾಮಿಲ್’. ಮುನ್ನೂರು ಸಂಪುಟಗಳ ಯೋಜನೆ ಹಾಕಿದ್ದರು, ಎಂಬತ್ತು ಮುಗಿಯಿತು. ಅದರಲ್ಲಿ ಶಸ್ತ್ರಚಿಕಿತ್ಸೆಯ ಭಾಗ ನನ್ನ ಮಟ್ಟಿಗೆ ಬಹಳ ಬೆಲೆಯುಳ್ಳದ್ದು. ಚಿಕಿತ್ಸೆಗೆ ಅವರು ಮೂರು ಹಂತಗಳನ್ನು ಹೇಳುತ್ತಾರೆ: ರೋಗಿ ತನ್ನನ್ನು ವೈದ್ಯನಿಗೆ ಒಪ್ಪಿಸುವ ಹಂತ, ಶಸ್ತ್ರಕ್ರಿಯೆಯ ಹಂತ, ಆಮೇಲಿನ ಆರೈಕೆಯ ಹಂತ. ಮೂರರಲ್ಲಿಯೂ ವೈದ್ಯನ ಕರ್ತವ್ಯವೇನು, ರೋಗಿಯ ಕರ್ತವ್ಯವೇನು, ಶುಶ್ರೂಷೆ ಮಾಡುವವರ ಕರ್ತವ್ಯವೇನು, ರೋಗಿಯನ್ನು ಯಾವ ಭಂಗಿಯಲ್ಲಿ ಇರಿಸಬೇಕು ಎಂದು ವಿವರಿಸುತ್ತಾರೆ. ಗುಣವಾಗುವುದು ವೈದ್ಯನೊಬ್ಬನ ಕೈಯಿಂದಲ್ಲ, ಹಾಸಿಗೆಯ ಬಳಿ ರಾತ್ರಿಯಿಡೀ ಕೂರುವವರ ಪಾಲೂ ಅದರಲ್ಲಿದೆ ಎಂಬುದು ಅವರಿಗೆ ಸ್ಪಷ್ಟವಾಗಿತ್ತು. ಔಷಧದ ವಿಷಯದಲ್ಲಿಯೂ ಅವರು ಸರಳರು. ಆಹಾರದಿಂದ ವಾಸಿಯಾಗುವಲ್ಲಿ ಔಷಧ ಕೊಡುತ್ತಿರಲಿಲ್ಲ, ಒಂದು ಮೂಲಿಕೆ ಸಾಕಾಗುವಲ್ಲಿ ಹತ್ತನ್ನು ಬೆರೆಸುತ್ತಿರಲಿಲ್ಲ.

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಶಹಾಬಾದ್ ಕಲ್ಲು ದೇಶದ ಎಷ್ಟೋ ಮನೆಗಳ, ಮಸೀದಿಗಳ, ರೈಲು ನಿಲ್ದಾಣಗಳ ನೆಲವಾಗಿದೆ. ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಕಲ್ಲುಗಣಿ, ಕಲ್ಲು ಕೊಯ್ಯುವ ಮತ್ತು ಪಾಲಿಶ್ ಮಾಡುವ ಮೆಷಿನ್, ತೊಗರಿ ಬೇಳೆಯ ಮಿಲ್ಲು, ಇವುಗಳಿಂದ ಸಾವಿರಾರು ಕುಟುಂಬಗಳ ಒಲೆ ಉರಿಯುತ್ತದೆ. ಹಲಾಲ್ ದುಡಿಮೆ. ಆದರೆ ಅಲ್ಲಿಯ ಧೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ. ದೊಡ್ಡ ಕಣಗಳನ್ನು ಮೂಗು, ಗಂಟಲು ತಡೆಯುತ್ತವೆ. ಅತಿ ಸಣ್ಣವು ಇಬ್ನುನ್ನಫೀಸ್ ಹೇಳಿದ, ರಕ್ತ ಮತ್ತು ಗಾಳಿ ಕೂಡುವ ಜಾಗದವರೆಗೂ ಹೋಗಿ ನಿಲ್ಲುತ್ತವೆ. ಧೂಳಿನಲ್ಲಿ ಸಿಲಿಕಾ ಇದ್ದರೆ ಅಲ್ಲಿ ಗಾಯದ ಕಲೆಗಳು ಕಟ್ಟುತ್ತವೆ. ಅದನ್ನು ಸಿಲಿಕೋಸಿಸ್ ಎನ್ನುತ್ತಾರೆ. ಅದು ಬಂದ ಮೇಲೆ ಹಿಂದಕ್ಕೆ ಹೋಗುವುದಿಲ್ಲ. ಅಂಥ ಶ್ವಾಸಕೋಶಕ್ಕೆ ಕ್ಷಯವೂ ಬೇಗ ಅಂಟುತ್ತದೆ. ಮೇಲೆ ಬೀಡಿ ಸೇದಿದರೆ ಹೇಳುವುದೇ ಬೇಡ.

ಆದ್ದರಿಂದ ಎರಡು ವಾರ ಮೀರಿದ ಕೆಮ್ಮನ್ನು ಹವೆಯ ಮೇಲೆ ಹಾಕಿ ಸುಮ್ಮನಿರಬಾರದು. ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಕ್ಷಯದ ಔಷಧವೂ ಉಚಿತ. ಇಂಥಲ್ಲಿ ಕೆಲಸ ಮಾಡುತ್ತೇನೆಂದು ವೈದ್ಯರಿಗೆ ತಾನಾಗಿಯೇ ಹೇಳಬೇಕು, ಅವರು ಕೇಳದಿದ್ದರೂ. ಕಲ್ಲು ಕೊಯ್ಯುವಾಗ ನೀರು ಹರಿಸಿದರೆ ಧೂಳು ಏಳುವುದು ಕಡಿಮೆ, ಮಾಲಕರು ಇದನ್ನು ಖರ್ಚೆಂದು ನೋಡಬಾರದು. ಕೆಲಸದಿಂದ ಬಂದವರು ಬಟ್ಟೆ ಬದಲಿಸಿ ಕೈಮುಖ ತೊಳೆದ ಮೇಲೆಯೇ ಮಕ್ಕಳನ್ನು ಎತ್ತಿಕೊಳ್ಳಲಿ. ಆ ಬಟ್ಟೆಯನ್ನು ಮನೆಯೊಳಗೆ ಕೊಡವದೆ ಬೇರೆಯಾಗಿ ನೆನೆಸಿ ಒಗೆಯಬೇಕು.

ದಮ್ಮು ಇರುವವರನ್ನು ಬಲವಂತವಾಗಿ ಅಂಗಾತ ಮಲಗಿಸುವುದು ನಮ್ಮ ಮನೆಗಳ ಒಂದು ತಪ್ಪು ರೂಢಿ. ಉಸಿರು ಕಟ್ಟಿದಾಗ ಅವರು ಎದ್ದು ಕೂರಲಿ, ಮುಂದಕ್ಕೆ ಬಾಗಿ ದಿಂಬಿನ ಮೇಲೆ ತೋಳೂರಲಿ, ಕತ್ತಿನ ಬಳಿಯ ಗುಂಡಿ ಬಿಚ್ಚಿರಲಿ, ಕಿಟಕಿ ತೆರೆದಿರಲಿ. ಗುರುವಾರ ಸಂಜೆ ಲೋಬಾನದ ಹೊಗೆ ಹಾಕುವ ಮನೆಗಳುಂಟು. ರೋಗಿಯಿರುವ ಕೋಣೆಗೆ ಅದು ಬೇಡ, ಊದಿನಕಡ್ಡಿಯೂ ಬೇಡ, ಸೊಳ್ಳೆಬತ್ತಿಯೂ ಬೇಡ. ಕಸಬರಿಗೆಯಲ್ಲಿ ಗುಡಿಸಿ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ರೋಗಿಯ ಸಂದರ್ಶನ ಪುಣ್ಯದ ಕೆಲಸ, ನಿಜ. ಆದರೆ ಹತ್ತು ಮಂದಿ ಮಂಚ ಸುತ್ತುವರಿದು ತಾಸುಗಟ್ಟಲೆ ಕೂತರೆ ಅವನಿಗೆ ಬೇಕಾದ ಗಾಳಿಯನ್ನು ನಾವೇ ಕಸಿದಂತೆ. ಸಲಾಮ್ ಹೇಳಿ, ದುಆ ಮಾಡಿ, ಮನೆಯವರಿಗೆ ಏನು ಬೇಕೆಂದು ಕೇಳಿ ಎದ್ದು ಬರಬೇಕು.

ರಮಝಾನಿನಲ್ಲಿ ಇನ್ನೊಂದು ಕಷ್ಟ ಬರುತ್ತದೆ. ಉಪವಾಸ ಮುರಿದೀತೆಂದು ಕೆಲವರು ಹಗಲಿನಲ್ಲಿ ಇನ್‌ಹೇಲರ್ ಬಿಟ್ಟುಬಿಡುತ್ತಾರೆ. ಅದರಿಂದ ಉಪವಾಸ ಮುರಿಯುತ್ತದೆಯೇ ಎಂಬ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ನಿಮ್ಮ ವಿಶ್ವಾಸದ ಆಲಿಮರನ್ನು ಕೇಳಿ. ಆದರೆ ರೋಗಿಗೆ ಉಪವಾಸದ ರಿಯಾಯಿತಿ ಕುರ್‌ಆನಿನಲ್ಲಿಯೇ ಇರುವಾಗ, ಉಸಿರು ಕಟ್ಟಿದವನು ಔಷಧವನ್ನು ದೂರವಿಟ್ಟು ಒದ್ದಾಡುವುದನ್ನು ಶರೀಅತ್ ಕೇಳಿಲ್ಲ.

ಇದನ್ನು ಹೇಳುವಾಗ ಇಬ್ನುನ್ನಫೀಸ್‌ರ ಕೊನೆಯ ದಿನಗಳನ್ನು ಯಾರಾದರೂ ಎತ್ತಿ ತೋರಿಸಬಹುದು. 1288ರ ಡಿಸೆಂಬರಿನಲ್ಲಿ ಅವರು ಕಾಯಿಲೆ ಬಿದ್ದರು. ವಯಸ್ಸು ಎಂಬತ್ತರ ಹತ್ತಿರ. ಗೆಳೆಯರಾದ ವೈದ್ಯರು ಬಂದು ಔಷಧವಾಗಿ ಸ್ವಲ್ಪ ಮದ್ಯ ಕುಡಿಯಲು ಸಲಹೆ ಮಾಡಿದರು. ಆ ಕಾಲದ ವೈದ್ಯಕ್ಕೆ ಇದು ಸಾಮಾನ್ಯ ಸಂಗತಿ. ಅವರು ಒಪ್ಪಲಿಲ್ಲ. ಹೊಟ್ಟೆಯಲ್ಲಿ ಮದ್ಯವಿಟ್ಟುಕೊಂಡು ಅಲ್ಲಾಹನನ್ನು ಭೇಟಿಯಾಗಲು ತಮಗೆ ಇಷ್ಟವಿಲ್ಲವೆಂದರು. ಇದನ್ನು ಔಷಧ ನಿರಾಕರಣೆಯ ಪಾಠವಾಗಿ ಓದಿದರೆ ತಪ್ಪಾದೀತು. ಅವರು ಈಜಿಪ್ಟಿನ ವೈದ್ಯರಿಗೆಲ್ಲ ಮುಖ್ಯಸ್ಥರು, ಮೇಲಾಗಿ ಫಕೀಹರು. ಪ್ರಾಣಾಪಾಯದಲ್ಲಿ ಶರೀಅತ್ ನೀಡುವ ರಿಯಾಯಿತಿ ಅವರಿಗೆ ತಿಳಿಯದ್ದಲ್ಲ, ಆ ಬಟ್ಟಲಿನಿಂದ ತಮ್ಮ ರೋಗ ವಾಸಿಯಾಗುತ್ತದೆಯೇ ಎಂಬುದನ್ನು ಅವರಿಗಿಂತ ಚೆನ್ನಾಗಿ ಅಳೆಯಬಲ್ಲವರೂ ಅಲ್ಲಿರಲಿಲ್ಲ. ಆರು ದಿನಗಳ ಕಾಯಿಲೆಯ ನಂತರ ಹಿಜರಿ 687ರ ದುಲ್ ಕಅದ್ 21ರಂದು, ಅಂದರೆ ಡಿಸೆಂಬರ್ 17ರಂದು ನಿಧನರಾದರು.

ಅದಕ್ಕೆ ನಾಲ್ಕು ವರ್ಷ ಮುಂಚೆ, 1284ರಲ್ಲಿ, ಸುಲ್ತಾನ್ ಮನ್ಸೂರ್ ಕಲಾವೂನ್ ಕೈರೋದಲ್ಲಿ ಮನ್ಸೂರಿ ಬೀಮಾರಿಸ್ತಾನನ್ನು ಕಟ್ಟಿಸಿದ್ದ. ಜ್ವರದವರಿಗೆ, ಕಣ್ಣುನೋವಿನವರಿಗೆ, ಗಾಯಾಳುಗಳಿಗೆ, ಭೇದಿಯವರಿಗೆ ಅಲ್ಲಿ ಬೇರೆ ಬೇರೆ ವಿಭಾಗಗಳು. ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ಸ್ಥಳ, ಆರೈಕೆಗೆ ಗಂಡು ಮತ್ತು ಹೆಣ್ಣು ಸೇವಕರು. ಇಬ್ನುನ್ನಫೀಸ್ ತಮ್ಮ ಮನೆಯನ್ನೂ ಗ್ರಂಥಾಲಯವನ್ನೂ ಈ ಆಸ್ಪತ್ರೆಗೆ ಬಿಟ್ಟುಹೋದರು. ಗುರುಗಳ ಮನೆ ಪಾಠಶಾಲೆಯಾಯಿತು, ಶಿಷ್ಯನ ಮನೆ ರೋಗಿಗಳ ಪಾಲಾಯಿತು.

ಹೃದಯ ಮತ್ತು ಶ್ವಾಸಕೋಶದ ಬಗ್ಗೆ ಅವರು ಬರೆದದ್ದು ಮಾತ್ರ ಹೆಚ್ಚುಕಡಿಮೆ ಮರೆತುಹೋಯಿತು. 1924ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಮುಹ್ಯುದ್ದೀನ್ ಅತ್ತತಾವಿ ಎಂಬ ಈಜಿಪ್ಟಿನ ತರುಣ ಬರ್ಲಿನ್ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ ಆ ವ್ಯಾಖ್ಯಾನವನ್ನು ಓದಿ, ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಲೋಕಕ್ಕೆ ತಿಳಿಸಿದ. ಅಲ್ಲಿಯವರೆಗೆ ಶ್ವಾಸಕೋಶದ ರಕ್ತಸಂಚಾರದ ಚರಿತ್ರೆ ಬರೆದವರು 1553ರಿಂದಲೇ ಆರಂಭಿಸುತ್ತಿದ್ದರು. ಕಲಾವೂನನ ಆಸ್ಪತ್ರೆಯಿದ್ದ ಆವರಣದಲ್ಲಿ 20ನೆಯ ಶತಮಾನದಲ್ಲಿ ಕಣ್ಣಿನ ಆಸ್ಪತ್ರೆಯೊಂದನ್ನು ಕಟ್ಟಲಾಯಿತು.